ದೊಡ್ಡ ಮನೆಗೆ ಕಟ್ಟಿಗೆ ಇನ್ಸರ್ಟ್: ಕಿಲೋವ್ಯಾಟ್ ಕೇಳುವ ಮೊದಲು ಟೇಪ್ ಹಿಡಿಯಿರಿ

ಕೊಡಗು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಹಳೆಯ ತೋಟದ ಮನೆಗಳಲ್ಲಿ ಹಾಲಿನ ಗೋಡೆಯೊಳಗೆ ಒಂದು ಫೈರ್‌ಪ್ಲೇಸ್ ಇರೋದು ಸಾಮಾನ್ಯ. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದ ರೂಢಿ ಅದು. ಇವತ್ತು ಅವುಗಳಲ್ಲಿ ಎಷ್ಟೋ ಬೆಂಕಿ ಕಾಣುವುದು ವರ್ಷಕ್ಕೆ ಎರಡೋ ಮೂರೋ ಸಲ, ನೆಂಟರು ಬಂದಾಗ. ಉಳಿದ ದಿನ ಅದರೊಳಗೆ ಹಳೇ ಪೇಪರ್, ಟಾರ್ಚು, ಬೆಕ್ಕಿನ ಮರಿ.

ಈಗ ಹೋಮ್‌ಸ್ಟೇ ನಡೆಸುವ ಹುಡುಗರು, ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬಂದವರು, ವಯಸ್ಸಾದ ಅಪ್ಪ ಅಮ್ಮನಿಗೆ ಮಳೆಗಾಲದ ಥಂಡಿ ತಡೆಯೋದಿಲ್ಲ ಅನ್ನುವವರು ಆ ಗೂಡಿಗೆ ಇನ್ಸರ್ಟ್ ಕೂರಿಸುವ ಯೋಚನೆ ಮಾಡುತ್ತಿದ್ದಾರೆ. ಇನ್ಸರ್ಟ್ ಅಂದರೆ ಗಾಜಿನ ಬಾಗಿಲಿರುವ, ಉಕ್ಕಿನ ಅಥವಾ ಎರಕದ ಕಬ್ಬಿಣದ ಮುಚ್ಚಿದ ಪೆಟ್ಟಿಗೆ. ಹಳೆಯ ಗೂಡಿನೊಳಗೆ ಅದನ್ನು ತಳ್ಳಿ ಕೂರಿಸಿ, ಮೇಲಿನ ಹೊಗೆಕೊಳವೆಗೆ ಜೋಡಿಸುತ್ತಾರೆ. ತೋಟದ ಮನೆಗಳ ಒಲೆ, ಡ್ರೈಯರ್, ಚಿಮಣಿ ಕೆಲಸ ನೋಡುತ್ತಾ ಬಂದವನು ನಾನು. ಈ ವಿಷಯದಲ್ಲಿ ನನ್ನನ್ನು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಸಾರ್, ನಮ್ದು ದೊಡ್ಡ ಮನೆ, ಎಷ್ಟು ಕಿಲೋವ್ಯಾಟಿಂದು ತಗೊಳ್ಳಲಿ?" ಇದಕ್ಕೆ ಉತ್ತರ ಕೊಡುವ ಮೊದಲು ಒಂದು ಲೆಕ್ಕ ಮಾಡೋಣ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಬರೀ ಗೂಡಲ್ಲಿ ಉರಿಸಿದರೆ ಆಗೋದೇನು

ಚೆನ್ನಾಗಿ ಒಣಗಿದ 1 ಕೆಜಿ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. ತೆರೆದ ಫೈರ್‌ಪ್ಲೇಸ್‌ನಲ್ಲಿ ಇದರ ಶೇ. 10ರಿಂದ 20 ಮಾತ್ರ ಕೋಣೆಗೆ ಸಿಗುತ್ತದೆ, ಉಳಿದದ್ದು ಚಿಮಣಿಯಲ್ಲಿ ಆಕಾಶಕ್ಕೆ. ಅಷ್ಟೇ ಅಲ್ಲ, ಬೆಂಕಿ ಕೋಣೆಯ ಗಾಳಿಯನ್ನು ರಾಶಿರಾಶಿ ಎಳೆದು ಮೇಲಕ್ಕೆ ಕಳಿಸುತ್ತದೆ. ಆ ಜಾಗ ತುಂಬಲು ಬಾಗಿಲ ಸಂದಿಯಿಂದ, ಹೆಂಚಿನ ಸಂದಿಯಿಂದ ಹೊರಗಿನ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಬೆಂಕಿಯ ಮುಂದೆ ಕೂತವನ ಮುಖ ಬಿಸಿ, ಬೆನ್ನು ತಣ್ಣಗೆ. ಪಕ್ಕದ ರೂಮಿನಲ್ಲಿ ಮಲಗಿದ ಅಜ್ಜಿಗೆ ಬೆಂಕಿ ಇಲ್ಲದ ದಿನಕ್ಕಿಂತ ಹೆಚ್ಚು ಚಳಿ!

ಒಳ್ಳೆಯ ಇನ್ಸರ್ಟ್ ಅದೇ ಕಟ್ಟಿಗೆಯ ಶೇ. 70ರಿಂದ 80ರಷ್ಟು ಶಾಖವನ್ನು ಕೋಣೆಗೆ ಕೊಡುತ್ತದೆ. ಕಾರಣ ಸರಳ: ಗಾಳಿ ಎಷ್ಟು ಒಳಗೆ ಹೋಗಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಅಸ್ತ್ರ ಒಲೆ ನಿಮ್ಮ ಮನೆ ಹಿರಿಯರಿಗೆ ಗೊತ್ತಿರಬಹುದು. ಅದರ ಹಿಂದಿನ ಬುದ್ಧಿಯೂ ಇದೇ. ಬೆಂಕಿಯನ್ನು ಮುಚ್ಚಿ, ಬೇಕಾದಷ್ಟೇ ಗಾಳಿ ಕೊಟ್ಟು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವುದು.

ಕೆಜಿ ಲೆಕ್ಕದಲ್ಲಿ ನೋಡಿ. ಸಂಜೆ 5 ಗಂಟೆ ಹೊತ್ತು 5 ಕಿಲೋವ್ಯಾಟ್ ಶಾಖ ಬೇಕು ಅಂದರೆ 25 ಯೂನಿಟ್. ಶೇ. 75 ದಕ್ಷತೆಯ ಇನ್ಸರ್ಟ್‌ಗೆ ಎಂಟೂವರೆ ಕೆಜಿ ಕಟ್ಟಿಗೆ ಸಾಕು. ಶೇ. 15ರ ತೆರೆದ ಗೂಡಿಗೆ 40 ಕೆಜಿ ದಾಟುತ್ತದೆ. ಮಳೆಗಾಲ, ಚಳಿಗಾಲ ಸೇರಿಸಿ ವರ್ಷಕ್ಕೆ 120 ಸಂಜೆ ಅಂತ ಹಿಡಿದರೆ ಒಂದರಲ್ಲಿ 1 ಟನ್, ಇನ್ನೊಂದರಲ್ಲಿ 5 ಟನ್. ಸೌದೆ ನಮ್ಮ ತೋಟದ್ದೇ ಆದರೂ ಕಡಿಯೋ ಕೂಲಿ, ಸೀಳೋ ಕೂಲಿ, ಹೊರೋ ಕೂಲಿ ಯಾರು ಕೊಡ್ತಾರೆ?

ಮನೆ ದೊಡ್ಡದು, ಒಲೆ ದೊಡ್ಡದಾಗಬೇಕಿಲ್ಲ

ಒಂದು ಮನೆಗೆ ಹೋಗಿದ್ದೆ. 3,800 ಚದರಡಿಯ ಹಳೇ ಬಂಗಲೆ. ಮಾರಾಟಗಾರ ಒಬ್ಬರು ಫೋನಿನಲ್ಲೇ ಚದರಡಿ ಕೇಳಿಕೊಂಡು 18 ಕಿಲೋವ್ಯಾಟಿನ ಇನ್ಸರ್ಟ್‌ಗೆ ಕೊಟೇಶನ್ ಕಳಿಸಿಬಿಟ್ಟಿದ್ದರು. ಹಾಲಿನ ಅಳತೆ ಕೇಳಿರಲಿಲ್ಲ, ಸೀಲಿಂಗ್ ಇದೆಯಾ ಅಂತ ಕೇಳಿರಲಿಲ್ಲ, ಚಿಮಣಿ ನೋಡಿರಲಿಲ್ಲ. ನಾವು ಟೇಪ್ ಹಿಡಿದು ಅಳೆದೆವು. ಹಾಲು 20 ಅಡಿ ಉದ್ದ, 16 ಅಡಿ ಅಗಲ, ಮರದ ಹಲಗೆಯ ಸೀಲಿಂಗಿನವರೆಗೆ 10 ಅಡಿ. ಒಟ್ಟು 3,200 ಘನ ಅಡಿ, ಅಂದರೆ ಸುಮಾರು 90 ಘನ ಮೀಟರ್.

ಬ್ರಿಟನ್ನಿನಲ್ಲಿ ಒಲೆ ಮಾರುವವರು ಒಂದು ಒರಟು ಅಂದಾಜು ಬಳಸುತ್ತಾರೆ: ಕೋಣೆಯ ಘನ ಮೀಟರ್ ಅನ್ನು 14ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಬರುತ್ತದೆ. ಈ ಹಾಲಿಗೆ ಅದು ಸುಮಾರು ಆರೂವರೆ. ಆದರೆ ಅದು ಹೊರಗೆ ಸೊನ್ನೆ ಡಿಗ್ರಿಯ ಹತ್ತಿರ ಇರುವ ಊರಿನ ಲೆಕ್ಕ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದರೂ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 10 ಡಿಗ್ರಿಯ ಆಚೀಚೆ ನಿಲ್ಲುತ್ತದೆ. ಒಳಗೆ 20 ಡಿಗ್ರಿ ಬೇಕು ಅಂದರೆ ನಾವು ಏರಿಸಬೇಕಾದದ್ದು 10 ಡಿಗ್ರಿ ಮಾತ್ರ. ಗೋಡೆ, ಸೀಲಿಂಗ್, ಕಿಟಕಿ, ಸಂದಿಯ ಗಾಳಿ ಎಲ್ಲಾ ಸೇರಿಸಿ ನಾನು ಹಾಕಿದ ಲೆಕ್ಕದಲ್ಲಿ ಆ ಹಾಲು ಬಿಸಿಯಾಗಿ ಉಳಿಯಲು 2 ಕಿಲೋವ್ಯಾಟ್ ಸಾಕಿತ್ತು. ತಣ್ಣಗಾಗಿ ಕೂತ ಕಲ್ಲಿನ ಗೋಡೆಯನ್ನು ಸಂಜೆ ಬೇಗ ಬಿಸಿ ಮಾಡಲು ಅದರ ಎರಡು ಪಟ್ಟು, ಪಕ್ಕದ ಎರಡು ಮಲಗುವ ಕೋಣೆಗೆ ಇನ್ನೊಂದಿಷ್ಟು. ಹೇಗೆ ಎಳೆದಾಡಿದರೂ 7 ಕಿಲೋವ್ಯಾಟ್ ದಾಟಲಿಲ್ಲ.

ಹೆಚ್ಚಿದ್ದರೆ ಏನು ನಷ್ಟ, ಸಣ್ಣಗೆ ಉರಿಸಿದರಾಯ್ತಲ್ಲ ಅಂತ ಕೇಳ್ತಾರೆ. ಅಲ್ಲೇ ಇರೋದು ಅಪಾಯ. 18 ಕಿಲೋವ್ಯಾಟಿನ ಪೆಟ್ಟಿಗೆ ಆ ಹಾಲಿನಲ್ಲಿ ಸ್ವಲ್ಪ ಹೊತ್ತಿಗೇ ಕೂರಲಾಗದಷ್ಟು ಸೆಕೆ ಮಾಡುತ್ತದೆ. ಆಗ ಮನೆಯವರು ಗಾಳಿಯ ಕಿಂಡಿ ಪೂರ್ತಿ ಎಳೆದು ಮುಚ್ಚುತ್ತಾರೆ. ಕಟ್ಟಿಗೆ ಉರಿಯುವುದು ಬಿಟ್ಟು ಹೊಗೆಯಾಡುತ್ತದೆ. ಉರಿಯದೆ ಉಳಿದ ಆ ಹೊಗೆ ತಣ್ಣನೆಯ ಚಿಮಣಿಯ ಒಳಗೋಡೆಗೆ ಟಾರಿನ ಹಾಗೆ ಮೆತ್ತಿಕೊಳ್ಳುತ್ತದೆ. ಒಂದು ದಿನ ಜೋರು ಬೆಂಕಿ ಹಾಕಿದಾಗ ಆ ಟಾರಿಗೇ ಕಿಡಿ ತಗುಲುತ್ತದೆ. ಲಾರಿ ಏರು ಹತ್ತುವಾಗಿನಂಥ ಗುಡುಗುಡು ಸದ್ದು ಚಿಮಣಿಯೊಳಗಿಂದ ಬರುತ್ತದೆ. ಅದರ ಸುತ್ತ ಇರುವುದೇನು? ನೂರು ವರ್ಷ ಒಣಗಿದ ತೊಲೆ, ರೀಪು, ಪಕಾಸು. ಹಾಗೇನಾದರೂ ಆದರೆ ಗಾಳಿಯ ಕಿಂಡಿ, ಬಾಗಿಲು ಎಲ್ಲಾ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತಂದು 101ಕ್ಕೋ 112ಕ್ಕೋ ಫೋನ್ ಮಾಡಿ. ಚಿಮಣಿಯ ಬಾಯಿಗೆ ಮಾತ್ರ ನೀರು ಸುರಿಯಬೇಡಿ. ಕಾದ ಇಟ್ಟಿಗೆ ಸಿಡಿಯುತ್ತದೆ, ಉಗಿ ಎರಚುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಸಣ್ಣ ಒಲೆ ಚುರುಕಾಗಿ ಉರಿಯಲಿ. ಕ್ಯಾಟಲಾಗಿನಲ್ಲಿ ಗರಿಷ್ಠ ಶಾಖ ಅಂತ ದಪ್ಪಕ್ಷರದಲ್ಲಿ ಬರೆದದ್ದನ್ನು ಬಿಟ್ಟು, ಪರೀಕ್ಷೆಯಲ್ಲಿ ಸಿಕ್ಕ ಸಾಮಾನ್ಯ ಶಾಖ ಎಷ್ಟು ಅಂತ ಕೇಳಿ. ಯುರೋಪಿನ ಮಾಲಾದರೆ ಇನ್ಸರ್ಟ್‌ಗಳ ಮಾನಕ ಇಎನ್ 13229. ಅದರ ಪರೀಕ್ಷಾ ಹಾಳೆಯಲ್ಲಿ ಶಾಖ, ದಕ್ಷತೆ ಎರಡೂ ಇರುತ್ತವೆ. ಹೊಸ ಮಾಡೆಲ್‌ಗಳಿಗೆ ಇಎನ್ 16510 ಅಂತ ಇರಬಹುದು, ಅದೂ ಸರಿಯೇ.

ಉಳಿದ ಕೋಣೆಗಳ ಕಥೆ? ಒಂದು ಒಲೆಯಿಂದ ಇಡೀ ಬಂಗಲೆ ಬಿಸಿಯಾಗುವುದಿಲ್ಲ, ಆಸೆ ಬಿಡಿ. ನಡುವೆ ಆಕಾಶಕ್ಕೆ ತೆರೆದ ಅಂಗಳ ಇರುವ ಐನ್‌ಮನೆಯಂಥ ಕಟ್ಟಡದಲ್ಲಂತೂ ಒಂದು ಕೋಣೆ ಆರಿಸಿಕೊಂಡು ಅದನ್ನಷ್ಟೇ ಬೆಚ್ಚಗಿಡುವುದು ಲೇಸು. ಹಾಲಿಗೆ ಅಂಟಿಕೊಂಡ ಕೋಣೆಗಳಿಗೆ ಶಾಖ ದಾಟಿಸಲು ಬಾಗಿಲ ಮೇಲಿನ ಹಳೇ ವೆಂಟಿಲೇಟರ್ ತೆರೆದಿಡಿ. ಬಿಸಿ ಗಾಳಿ ಮೇಲಿನಿಂದ ಆಚೆ ಹೋಗುತ್ತದೆ, ತಣ್ಣನೆಯದು ಕೆಳಗಿನಿಂದ ವಾಪಸ್ ಬರುತ್ತದೆ. ಒಂದು ಟೇಬಲ್ ಫ್ಯಾನನ್ನು ತಣ್ಣನೆ ಕೋಣೆಯ ನೆಲದಲ್ಲಿಟ್ಟು, ಹಾಲಿನ ಕಡೆಗೆ ಮುಖ ಮಾಡಿ ನಿಧಾನಕ್ಕೆ ತಿರುಗಿಸಿ ನೋಡಿ. ಉಲ್ಟಾ ಅನ್ನಿಸುತ್ತೆ, ಆದರೆ ಕೆಲಸ ಮಾಡುತ್ತೆ.

ಮಂಗಳೂರು ಹೆಂಚಿನ ಕೆಳಗೆ ಸೀಲಿಂಗ್ ಇಲ್ಲದ ಹಾಲಾದರೆ ಮೊದಲ ದುಡ್ಡು ಸೀಲಿಂಗಿಗೆ, ಆಮೇಲೆ ಒಲೆಗೆ. ಹೆಂಚಿನ ಸಂದಿಯಿಂದ ಹೋಗುವ ಬಿಸಿಯನ್ನು ಯಾವ ಕಂಪನಿಯ ಇನ್ಸರ್ಟೂ ಹಿಡಿದಿಡಲಾರದು.

ಇನ್ನೊಂದು ಮಾತು. ನಮ್ಮಲ್ಲಿ ಒಲೆಯ ನಿಜವಾದ ಕೆಲಸ ಜನವರಿಯ ಚಳಿಗಿಂತ ಜುಲೈನ ತೇವದ ಜೊತೆ. ಹೊರಗೆ 19 ಡಿಗ್ರಿ, ಗಾಳಿಯ ತೇವ ಶೇ. 95 ಇದ್ದಾಗ ಒಳಗಿನ ಗಾಳಿಯನ್ನು 24 ಡಿಗ್ರಿಗೆ ಏರಿಸಿದರೆ ಅದೇ ತೇವ ಶೇ. 70ರ ಹತ್ತಿರಕ್ಕೆ ಇಳಿಯುತ್ತದೆ. ಗೋಡೆಯ ಬೂಷ್ಟು, ಹಾಸಿಗೆಯ ಮುಗ್ಗಲು ವಾಸನೆ, ಒಣಗದ ಬಟ್ಟೆ ಎಲ್ಲಕ್ಕೂ ಆ ಐದು ಡಿಗ್ರಿಯೇ ಮದ್ದು. ಅದಕ್ಕೆ ದಿನವೂ ಕೆಲ ಗಂಟೆ ಹದವಾಗಿ ಉರಿಯುವ ಸಣ್ಣ ಒಲೆ ಬೇಕು, ವಾರಕ್ಕೊಮ್ಮೆ ಆರ್ಭಟಿಸುವ ದೊಡ್ಡದಲ್ಲ.

ಚಿಮಣಿಯೇ ಒಲೆಯ ಎಂಜಿನ್

ಇನ್ಸರ್ಟಿನ ಬಣ್ಣ, ಗಾಜು ನೋಡಿ ಮರುಳಾಗುವ ಮೊದಲು ಟಾರ್ಚ್ ಹಿಡಿದು ಚಿಮಣಿಯೊಳಗೆ ಇಣುಕಿ. ಹಳೇ ಹೊಗೆಗೂಡು 9 ಇಂಚಿಗೆ 9 ಇಂಚು, ಇಲ್ಲವೇ 14ಕ್ಕೆ 9 ಇರಬಹುದು. ತೆರೆದ ಬೆಂಕಿಗೆ ಅಷ್ಟು ಬೇಕಿತ್ತು. 7 ಕಿಲೋವ್ಯಾಟಿನ ಇನ್ಸರ್ಟ್‌ಗೆ ಸಾಮಾನ್ಯವಾಗಿ 150 ಮಿ.ಮೀ., ಅಂದರೆ 6 ಇಂಚಿನ ಕೊಳವೆ ಸಾಕು. 9ಕ್ಕೆ 9ರ ಗೂಡು ಅದರ ಸುಮಾರು ಮೂರು ಪಟ್ಟು ದೊಡ್ಡದು. ಇನ್ಸರ್ಟಿನಿಂದ ಬರುವ ಹೊಗೆ ಕಡಿಮೆ, ಶಾಖವೂ ಕಡಿಮೆ. ಅಷ್ಟಗಲದ ಗೂಡಿನಲ್ಲಿ ಅದು ಏರುತ್ತಾ ಏರುತ್ತಾ ತಣ್ಣಗಾಗಿ ಎಳೆತ ಕಳೆದುಕೊಳ್ಳುತ್ತದೆ, ಟಾರು ಕಟ್ಟುತ್ತದೆ. ಆದ್ದರಿಂದ ಗೂಡಿನೊಳಗೆ ಮೇಲಿಂದ ಕೆಳತನಕ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಇಳಿಸಲೇಬೇಕು. ಇದನ್ನು ಬಿಟ್ಟು "ಹಳೇ ಚಿಮಣಿಗೇ ಬಾಯಿ ಕೊಟ್ಟರಾಯ್ತು" ಅನ್ನುವ ಫಿಟ್ಟರ್‌ಗೆ ಕಾಫಿ ಕುಡಿಸಿ ಕಳಿಸಿಬಿಡಿ.

ಒಲೆಯಿಂದ ಚಿಮಣಿಯ ತುದಿಗೆ ಕನಿಷ್ಠ 15 ಅಡಿ ಎತ್ತರ ಇರಲಿ. ಮಾಡಿನಿಂದ ಹೊರಬರುವ ಜಾಗದಲ್ಲಿ 3 ಅಡಿ, ಸುತ್ತ 10 ಅಡಿಯೊಳಗಿನ ಯಾವುದೇ ಮಾಡಿಗಿಂತ 2 ಅಡಿ ಮೇಲಿರಲಿ. ಇಲ್ಲದಿದ್ದರೆ ಮುಂಗಾರಿನ ಗಾಳಿ ಹೊಗೆಯನ್ನು ವಾಪಸ್ ಮನೆಯೊಳಗೇ ಒತ್ತುತ್ತದೆ. ಮಳೆ ನೀರು ಇಳಿಯದಂತೆ ಟೋಪಿ ಬೇಕು. ಹಕ್ಕಿ ಗೂಡು ಕಟ್ಟದಂತೆ ಜಾಲರಿ ಹಾಕುವುದಾದರೆ ಕಣ್ಣು ದೊಡ್ಡದಿರಲಿ. ಸೊಳ್ಳೆ ಪರದೆಯಂಥ ಜಾಲರಿ ಒಂದೇ ಸೀಸನ್ನಿಗೆ ಮಸಿ ಹಿಡಿದು ಮುಚ್ಚಿಹೋಗುತ್ತದೆ. ಲೈನರ್ ಇಳಿಸುವ ಮೊದಲು ಜೇನು, ಬಾವಲಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅಟ್ಟಕ್ಕೆ ಹತ್ತಿ ಇಟ್ಟಿಗೆ ಬಿರುಕು ನೋಡಿ, ಕೆಳಗೆ ಒಬ್ಬರು ಹಸಿ ಎಲೆ ಹಾಕಿ ಹೊಗೆ ಎಬ್ಬಿಸಿದರೆ ಬಿರುಕು ತಾನಾಗಿ ತೋರಿಸುತ್ತದೆ.

ಕೊಳವೆ ಮರದ ಮಾಡು ದಾಟುವಲ್ಲಿ ಒಂಟಿ ತಗಡಿನ ಪೈಪ್ ಬೇಡವೇ ಬೇಡ. ಒಂಟಿ ಪೈಪಿಗೂ ಮರಕ್ಕೂ 18 ಇಂಚು ಅಂತರ ಬೇಕು. ಪಕಾಸುಗಳ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ನಡುವೆ ಶಾಖ ತಡೆಯುವ ಪದರ ಇರುವ ಜೋಡಿ ಗೋಡೆಯ ಪೈಪ್ ಹಾಕಿ, ತಯಾರಕರು ಹೇಳಿದಷ್ಟು ಅಂತರ ಬಿಡಿ.

ಪೆಟ್ಟಿಗೆ ಆರಿಸುವಾಗ

ಎರಕದ್ದೋ ಉಕ್ಕಿನದ್ದೋ ಅನ್ನೋ ಜಗಳಕ್ಕೆ ನಾನು ಹೋಗೋದಿಲ್ಲ, ಎರಡೂ ಬಾಳುತ್ತವೆ. ಎರಡು ಕಡೆಯಿಂದ ಗಾಳಿ ಬರಬೇಕು, ಅದು ಮುಖ್ಯ. ಕೆಳಗಿನಿಂದ ಬರುವ ಗಾಳಿ ಬೆಂಕಿ ಹೊತ್ತಿಸಲು, ಗಾಜಿನ ಮೇಲ್ಭಾಗದಿಂದ ಬಿಸಿಯಾಗಿ ಇಳಿಯುವ ಗಾಳಿ ಹೊಗೆಯನ್ನು ಸುಡಲು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಈ ಎರಡನೆಯದೇ ಇರೋದಿಲ್ಲ. ತಗಡು ದಪ್ಪ ಇರುತ್ತದೆ, ಕೆಲಸ ಗಟ್ಟಿ ಇರುತ್ತದೆ, ಗಾಜು ಮಾತ್ರ ಎರಡೇ ದಿನಕ್ಕೆ ಕಪ್ಪು. ಗಾಜಿನ ಬಗ್ಗೆಯೂ ಕೇಳಿ. ಅದು ಸೆರಾಮಿಕ್ ಗಾಜಾಗಿರಬೇಕು. ಕಟ್ಟಡಕ್ಕೆ ಬಳಸುವ ಟಫನ್ಡ್ ಗಾಜು ಒಲೆಯ ಬಿಸಿಗೆ ಒಡೆದು ಚೂರಾಗುತ್ತದೆ. ಮಕ್ಕಳು ಎದುರಿಗೇ ಆಡುವ ಜಾಗ ಅದು.

ಬಾಗಿಲ ಹಗ್ಗದ ಸೀಲ್ ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಕಾಗದದ ಚೂರು ಒಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಗಾಳಿಯೂ ಅಲ್ಲೇ ನುಸುಳುತ್ತದೆ. ಫ್ಯಾನ್ ಇರುವ ಮಾಡೆಲ್ ತೆಗೆದುಕೊಳ್ಳುವುದಾದರೆ ಕರೆಂಟ್ ಇಲ್ಲದಾಗಲೂ ಒಲೆ ತಾನಾಗಿ ಶಾಖ ಬಿಡುತ್ತದೆಯೇ ಕೇಳಿ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಲೈನ್ ಇಲ್ಲದಿರುವುದು ನಮಗೇನು ಹೊಸದಲ್ಲ. ನೀರು ಕಾಯಿಸುವ ಬಾಯ್ಲರ್ ಜೋಡಿಸಿದ ಇನ್ಸರ್ಟ್‌ಗಳೂ ಸಿಗುತ್ತವೆ. ನಾನು ಬೇಡ ಅನ್ನುತ್ತೇನೆ. ಉಗಿಗೆ ದಾರಿ ಸರಿಯಾಗಿ ಬಿಡದಿದ್ದರೆ ಅದು ಬಾಂಬು. ಬಚ್ಚಲಿನ ಹಂಡೆ ಒಲೆ ಹೇಗೂ ಇದೆಯಲ್ಲ.

ಕೊಟೇಶನ್ ಕೇಳುವಾಗ ಇನ್ಸರ್ಟ್, ಲೈನರ್, ಟೋಪಿ, ಸಾಗಣೆ, ಕೂರಿಸುವ ಕೂಲಿ, ಬದಲಿ ಸೀಲು-ಗಾಜಿನ ಬೆಲೆ ಎಲ್ಲಾ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಸೌದೆ

ಹಸಿ ಕಟ್ಟಿಗೆಯ ಅರ್ಧ ತೂಕ ನೀರು. ಅದರ ಕೆಜಿಯಲ್ಲಿ ಸಿಗುವ ಶಾಖ ಒಣ ಕಟ್ಟಿಗೆಯ ಅರ್ಧದಷ್ಟು ಮಾತ್ರ, ಮೇಲೆ ಟಾರಿನ ಕಾಟ ಬೇರೆ. ಪಿನ್ ಇರುವ ತೇವಮಾಪಕ ಆನ್‌ಲೈನಿನಲ್ಲಿ ಸಿಗುತ್ತದೆ. ಕಟ್ಟಿಗೆಯನ್ನು ಆಗಷ್ಟೇ ಸೀಳಿ, ಒಳಮುಖಕ್ಕೆ ಚುಚ್ಚಿ ನೋಡಿ. ಶೇ. 20ರ ಒಳಗಿದ್ದರೆ ಒಲೆಗೆ. ಹೊರಮೈಗೆ ಚುಚ್ಚಿದರೆ ಮೀಟರ್ ಸುಳ್ಳು ಹೇಳುತ್ತೆ.

ನಮ್ಮ ಹವೆಗೆ ಸರಿಹೊಂದುವ ಪಂಚಾಂಗ ಹೀಗೆ: ಜನವರಿ, ಫೆಬ್ರವರಿಯಲ್ಲಿ ಕಡಿದು ಸೀಳಿ, ಮೇ ತನಕ ಬಿಸಿಲು ಗಾಳಿಗೆ ಒಣಗಿಸಿ, ಮೊದಲ ದೊಡ್ಡ ಮಳೆಗೆ ಮುಂಚೆ ಸೂರಿನಡಿ ಸೇರಿಸಿ. ತೇವದ ಗಾಳಿಯಲ್ಲಿ ಒಣಗಿದ ಸೌದೆಯೂ ಮತ್ತೆ ನೀರು ಕುಡಿಯುತ್ತದೆ. ಆದ್ದರಿಂದ ಎರಡು ದಿನಕ್ಕಾಗುವಷ್ಟನ್ನು ಮನೆಯೊಳಗೆ ಇಟ್ಟುಕೊಳ್ಳಿ, ಆದರೆ ಒಲೆಗೆ ತಾಗಿಸಿ ಅಲ್ಲ. ವರ್ಷದ 1 ಟನ್ ಸಿಲ್ವರ್ ಓಕ್ ಅಂದರೆ 8 ಅಡಿ ಉದ್ದ, 6 ಅಡಿ ಎತ್ತರ, 2 ಅಡಿ ಅಗಲದ ಒಂದು ಅಟ್ಟಿ. ಕಾಫಿ ಕಟ್ಟಿಗೆ ಗಟ್ಟಿ, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಲುವಾಣ ಹಗುರ, ಪೇಪರಿನಂತೆ ಉರಿದು ಮುಗಿಯುತ್ತದೆ. ಬಿದಿರು ಹಾಕುವುದಾದರೆ ಸೀಳಿ ಹಾಕಿ, ಗಂಟು ಮುಚ್ಚಿಕೊಂಡಿದ್ದರೆ ಪಟಾಕಿಯಂತೆ ಸಿಡಿಯುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಬೇಡ. ಕಾಡುಮರ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, 1976ರ ಮರಗಳ ಸಂರಕ್ಷಣಾ ಕಾಯ್ದೆ ಸೌದೆಗೂ ಅನ್ವಯಿಸುತ್ತದೆ.

ಅರೇಬಿಕಾ ಬೆಳೆಯುವವರು ಇದನ್ನು ಗಮನವಿಟ್ಟು ಓದಿ. ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹುಡುಕಿ ಕಿತ್ತು ಸುಡಬೇಕು ಅಂತ ಶಿಫಾರಸು ಇದೆ. ಯಾಕಂದರೆ ದುಂಬಿ ಹೊರಬಂದು ಹಾರುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. ಇಂಥ ಕಾಂಡಗಳನ್ನು "ಮಳೆಗಾಲಕ್ಕೆ ಸೌದೆಯಾಯ್ತು" ಅಂತ ಅಟ್ಟಿ ಕಟ್ಟಿದರೆ ಕಿತ್ತ ಶ್ರಮವೆಲ್ಲಾ ನೀರಿಗೆ. ದುಂಬಿ ಸೌದೆ ಕೊಟ್ಟಿಗೆಯಿಂದಲೇ ತೋಟಕ್ಕೆ ಹಾರುತ್ತದೆ. ಅವು ಕಿತ್ತ ಕೂಡಲೇ ತೋಟದಲ್ಲೇ ಬೂದಿಯಾಗಲಿ. ಇನ್ಸರ್ಟಿಗೆ ಆರೋಗ್ಯವಾದ ಗಿಡದ ಕಸಿ, ಚಿಗುರು ಸವರಿದ ದಪ್ಪ ಕೊಂಬೆ ಇಟ್ಟುಕೊಳ್ಳಿ.

ರಾತ್ರಿ ಮಲಗುವ ಮುನ್ನ

ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರನ್ನು ಎಬ್ಬಿಸೋದೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟುಕೊಂಡು ಮಲಗಿ ಸತ್ತವರ ಸುದ್ದಿ ಚಳಿಗಾಲದಲ್ಲಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆ ಕೋಣೆಯೊಳಗೆ ಕೆಂಡ ಕೊಡಬೇಡಿ, ಅವರೆಷ್ಟೇ ಕೇಳಲಿ.

ಇನ್ಸರ್ಟ್ ಇದ್ದರೂ ಎಚ್ಚರ ಬೇಕು. ಹಳೇ ಕಿಟಕಿ ತೆಗೆಸಿ ಸಂದಿಯೇ ಇಲ್ಲದ ಯುಪಿವಿಸಿ ಹಾಕಿಸಿ, ಅಡುಗೆಮನೆಯಲ್ಲಿ ಎಕ್ಸಾಸ್ಟ್ ಚಿಮಣಿ ಜೋರಾಗಿ ಓಡಿಸಿದರೆ ಆ ಫ್ಯಾನು ಒಲೆಯ ಹೊಗೆಯನ್ನೇ ಹಿಂದಕ್ಕೆ ಎಳೆಯಬಹುದು. ಹೊರಗಿನಿಂದ ಒಲೆಗೆ ನೇರ ಗಾಳಿ ತರುವ 4 ಇಂಚಿನ ಪೈಪ್ ಹಾಕಿಸಿದರೆ ಈ ತಲೆನೋವು ಕಡಿಮೆ. ಹಾಲಿನಲ್ಲಿ ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿ ಒಂದು, ಹತ್ತಿರದ ಮಲಗುವ ಕೋಣೆಯಲ್ಲಿ ಒಂದು ಕಾರ್ಬನ್ ಮೋನಾಕ್ಸೈಡ್ ಅಲಾರಂ ಇರಲಿ. ಹೊಗೆಯ ಅಲಾರಂ ಬೇರೆ, ಇದು ಬೇರೆ, ಅಂಗಡಿಯವನು ಒಂದೇ ಅಂದರೆ ನಂಬಬೇಡಿ. ಕೆಂಡ ಇರುವಾಗ ಹೊಗೆಕೊಳವೆಯ ಮುಚ್ಚಳ ಪೂರ್ತಿ ಹಾಕಬಾರದು. ತೆಗೆದ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ ಹೊರಗೆ, ಸಿಮೆಂಟ್ ನೆಲದ ಮೇಲಿಡಿ. ಮೇಲೆ ತಣ್ಣಗಿದ್ದರೂ ಒಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟು, ಗೋಣಿಚೀಲ ಬೇಡ.

ಕೂರಿಸಿದ ಮೊದಲ ವಾರ ಸಣ್ಣ ಸಣ್ಣ ಬೆಂಕಿ ಮೂರು ನಾಲ್ಕು ಸಲ ಹಾಕಿ. ಗಾರೆ ನಿಧಾನಕ್ಕೆ ಒಣಗಬೇಕು, ಪೇಂಟ್ ಕಾದು ಗಟ್ಟಿಯಾಗಬೇಕು. ಆ ದಿನಗಳಲ್ಲಿ ಪೇಂಟಿನ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ. ಚಿಮಣಿಗೆ ವರ್ಷಕ್ಕೆ ಎರಡು ಸಲ ಬ್ರಷ್ ಹಾಕಿಸಿ: ಮೇ ಕೊನೆಯಲ್ಲಿ ಒಂದು, ನವೆಂಬರಿನಲ್ಲಿ ಇನ್ನೊಂದು. ಬ್ರಷ್‌ಗೆ ಒಣ ಮಸಿ ಪುಡಿಪುಡಿಯಾಗಿ ಬಂದರೆ ಒಲೆ ಸರಿಯಾಗಿ ಉರಿಯುತ್ತಿದೆ. ಹೊಳೆಯುವ ಕಪ್ಪು ಮೇಣದಂಥದ್ದು ಬಂದರೆ ಸೌದೆ ಹಸಿ ಇದೆ, ಇಲ್ಲ ಗಾಳಿ ತೀರಾ ಕಟ್ಟಿದ್ದೀರಿ. ಅದನ್ನು ಪೂರ್ತಿ ಕೆರೆಸಿ ತೆಗೆಸುವ ತನಕ ಒಲೆ ಹಚ್ಚಬೇಡಿ.